ಸೋರುವ ಅಯಾನುಗೋಳ

ಕೊಲಾಬಾದ ಕಾಂತೀಯ ವೀಕ್ಷಣಾಲಯವನ್ನು ಅಲಿಬಾಗಿಗೆ ಎಬ್ಬಿಸಿ ಕಳಿಸಿದ್ದು ಟ್ರಾಮು. ಮುಂಬಯಿಯ ಕುದುರೆ ಟ್ರಾಮಿಗೆ ವಿದ್ಯುತ್ ಬರಲಿದೆ ಎಂದಾದಾಗ, ತಂತಿಯ ಕರೆಂಟು ಅಳತೆಗಳನ್ನೆಲ್ಲ ಕೆಡಿಸುವುದು ಖಚಿತವಾಯಿತು. ಆಗಿನ ನಿರ್ದೇಶಕರು ನಾನಾಭಾಯಿ ಮೂಸ್. ಕೊಲ್ಲಿಯಾಚೆ ಪೋರಬಂದರದ ಕಲ್ಲಿನಲ್ಲಿ, ಕಾಂತಕ್ಕೆ ಸಿಕ್ಕುವ ಲೋಹ ಸೋಂಕದಂತೆ ಕಟ್ಟಡ ಎದ್ದು, 1904ರಲ್ಲಿ ಅಲ್ಲಿ ಅಳತೆ ಶುರುವಾಯಿತು. ಎರಡೂ ಕಡೆ ಒಟ್ಟಿಗೇ ಅಳೆದು ತಾಳೆ ನೋಡಿ, 1906ರಲ್ಲಿ ಕೊಲಾಬಾದ ಕೆಲಸ ನಿಲ್ಲಿಸಿದರು. ಮರುವರ್ಷವೇ ವಿದ್ಯುತ್ ಟ್ರಾಮು ಓಡಿತು, 1925ರಲ್ಲಿ ವಿ.ಟಿ.ಯಿಂದ ಕುರ್ಲಾಕ್ಕೆ ವಿದ್ಯುತ್ ರೈಲು. ಭೂಮಿಯ ಕ್ಷೀಣ ಸಂಕೇತ ಬೇಕಿದ್ದರೆ ಊರು ಬಿಟ್ಟು ದೂರ ಹೋಗು ಎಂಬುದು ಅಂದಿನಿಂದಲೂ ಈ ವಿದ್ಯೆಯ ಕಟ್ಟಳೆ.

ಉಪಗ್ರಹ ಏರಿ ಕೂರುವುದು ಈ ಕಟ್ಟಳೆಯ ಕೊನೆಯ ಮೆಟ್ಟಿಲು. 2011ರಲ್ಲಿ ‘ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್’ನಲ್ಲಿ ನಾಸಾದ ಗೊಡಾರ್ಡ್ ಕೇಂದ್ರದ ಫರ್ನಾಂಡೋ ಸಿಮೋಯಿಶ್, ರಾಬರ್ಟ್ ಫಾಫ್, ಹೆನ್ರಿ ಫ್ರಾಯ್ಡನ್‌ರೈಕ್ ಒಂದು ಪುಟ್ಟ ಲೇಖನ ಬರೆದರು. ನೆಲದ ಮೇಲೆ ಮಾತ್ರ ಸಿಗುತ್ತದೆಂದುಕೊಂಡಿದ್ದ ಶೂಮನ್ ಅನುರಣನೆ, ವಾತಾವರಣದ ಮೇಲಿನ ವಿದ್ಯುತ್ಕಣಗಳ ಪದರವಾದ ಅಯಾನುಗೋಳದೊಳಗೆ, 400ರಿಂದ 850 ಕಿ.ಮೀ. ಎತ್ತರದಲ್ಲಿ ಸಿಕ್ಕಿದೆ ಎಂಬುದು ಅದರ ಸಾರ. ಪತ್ರಿಕೆಗಳು ಇದನ್ನು ಭೂಮಿಯ ಎದೆಬಡಿತ ಎಂದು ಹಾಡಿ ಹೊಗಳಿದವು. ಲೇಖನದ ತೂಕ ಬೇರೆ ಕಡೆ ಇದೆ.

ಜಗತ್ತಿನಲ್ಲಿ ಸೆಕೆಂಡಿಗೆ ಸುಮಾರು 45 ಮಿಂಚು ಹೊಡೆಯುತ್ತವೆ. ನೆಲಕ್ಕೂ ಅಯಾನುಗೋಳದ ತಳಕ್ಕೂ ನಡುವಿನ ಪೊಳ್ಳಿನಲ್ಲಿ ಅವುಗಳ ಅಲೆ ಭೂಮಿಯನ್ನು ಸುತ್ತುತ್ತದೆ. ಸುತ್ತಳತೆಗೆ ಹೊಂದುವ ಅಲೆಗಳು ಒಂದಕ್ಕೊಂದು ಕೂಡಿ ಉಳಿಯುತ್ತವೆ, ಮಿಕ್ಕವು ಅಳಿಯುತ್ತವೆ. 1952ರಲ್ಲಿ ಜರ್ಮನಿಯ ವಿನ್‌ಫ್ರೀಡ್ ಶೂಮನ್ ಲೆಕ್ಕ ಹಾಕಿದ್ದು ಇದನ್ನೇ. ಸೋರಿಕೆಯೇ ಇಲ್ಲದ ಗೋಳಕ್ಕೆ ಲೆಕ್ಕ 10.6 ಹರ್ಟ್ಜ್ ಎನ್ನುತ್ತದೆ. 1960ರ ಹೊತ್ತಿಗೆ ಬಾಲ್ಸರ್ ಮತ್ತು ವ್ಯಾಗ್ನರ್ ಅಳೆದಾಗ ಸಿಕ್ಕಿದ್ದು ಸುಮಾರು 7.8. ಅಯಾನುಗೋಳ ಒಳ್ಳೆಯ ವಾಹಕವಲ್ಲ, ಅಲೆಯ ಒಂದಷ್ಟು ಶಕ್ತಿಯನ್ನು ನುಂಗಿಕೊಳ್ಳುತ್ತದೆ ಎಂಬುದು ಈ ಅಂತರದಲ್ಲೇ ಇತ್ತು. ನುಂಗಿದ್ದರಲ್ಲಿ ಆಚೆಗೆ ದಾಟುವುದೆಷ್ಟು ಎಂದು ಮಾತ್ರ ಯಾರೂ ಹೋಗಿ ನೋಡಿರಲಿಲ್ಲ.

ನೋಡಿದ್ದೂ ಬೇರೆ ಕೆಲಸಕ್ಕೆ ಹೋದ ಉಪಗ್ರಹ. 2008ರಲ್ಲಿ ಹಾರಿದ ಸಿ-ನಾಫ್ಸ್ ಅಮೆರಿಕದ ವಾಯುಪಡೆಯದು. ಸಮಭಾಜಕದ ಮೇಲೆ ಅಯಾನುಗೋಳ ಕದಡಿ ಜಿಪಿಎಸ್, ರೇಡಿಯೋ ಕೆಡುವುದನ್ನು ಮುಂಗಾಣುವುದು ಅದರ ಉದ್ದೇಶವಾಗಿತ್ತು. ಅದರ ಮೈಯಿಂದ ಚಾಚಿದ, ತುದಿಯಿಂದ ತುದಿಗೆ 20 ಮೀಟರಿನ ಮೂರು ಜೋಡಿ ಶೋಧಕಗಳು ರಾತ್ರಿ ಹಿಡಿದ ವಿದ್ಯುತ್ ಕ್ಷೇತ್ರ ನೆಲದ ಮೇಲಿನದರ ಸಾವಿರದಲ್ಲೊಂದು ಪಾಲಿನಷ್ಟು. ಇಷ್ಟು ಸಣ್ಣದು ಯಂತ್ರದ ಸ್ವಂತ ಗದ್ದಲವೇಕಾಗಬಾರದು? ಲೇಖನದ ಗಟ್ಟಿತನ ಇಲ್ಲಿದೆ. ಯಂತ್ರದ ಗದ್ದಲವಾಗಿದ್ದರೆ ಗೆರೆಗಳು ಸಾಮಾನ್ಯವಾಗಿ 7.8, 15.6, 23.4 ಎಂದು ಪೂರ್ಣ ಗುಣಕಗಳಲ್ಲಿ ಬೀಳುತ್ತವೆ. ಇಲ್ಲಿ ಕಂಡ ಗೆರೆಗಳು 7.8, 14, 20ರ ಆಸುಪಾಸಿನವು. ಗೋಳದ ಗಣಿತ ಕೇಳುವ ಈ ಓರೆ ಅಂತರವನ್ನು ಕೆಟ್ಟ ತಂತಿಯೊಂದು ತಾನಾಗಿ ಹುಟ್ಟಿಸಲಾರದು. ನಾನು ಒಪ್ಪುವುದು ಈ ಸಾಕ್ಷ್ಯಕ್ಕೆ.

ಒಪ್ಪಲಾಗದ್ದು ಅವರ ಭರವಸೆ. ವಾತಾವರಣದ ವಿದ್ಯುತ್ತನ್ನು ಅರಿಯಲು ಇದು ಹೊಸ ದಾರಿ ಎನ್ನುತ್ತಾರೆ. ಆದರೆ ಹಗಲಿನಲ್ಲಿ ಅಯಾನುಗೋಳ ದಪ್ಪವಾಗಿ ಸಂಕೇತ ಮಸುಕಾಗುತ್ತದೆ, ರಾತ್ರಿಯಷ್ಟೇ ಸ್ಪಷ್ಟ. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವ ಉಪಗ್ರಹಕ್ಕೆ ಗೆರೆ ಸಣ್ಣಗಾದರೆ ಏನೆಂದು ಅರ್ಥ? ಆಫ್ರಿಕಾದಲ್ಲಿ ಸಿಡಿಲು ಕಡಿಮೆಯಾಯಿತೋ, ಮೇಲಿನ ಪದರ ದಪ್ಪವಾಯಿತೋ? ಒಂದೇ ಸಂಖ್ಯೆಯಲ್ಲಿ ಎರಡೂ ಬೆರೆತಿವೆ. ಬಿಡಿಸುವ ದಾರಿಯನ್ನು ಲೇಖನ ತೋರಿಸುವುದಿಲ್ಲ. ನೆಲದ ಮೇಲೆ ಒಂದೇ ಕಡೆ ವರ್ಷಗಟ್ಟಲೆ ಬಿದ್ದಿರುವ ಅಳತೆಯ ಸುರುಳಿಗೆ ಈ ತಾಪತ್ರಯ ಇಷ್ಟಿಲ್ಲ. ಹಳೆಯ ಮಾದರಿಗಳನ್ನು ತಿದ್ದಬೇಕೆಂಬ ಮಾತೂ ಸ್ವಲ್ಪ ಜೋರಾಯಿತು: ಹೆಚ್ಚಿನ ಆವರ್ತದ ಸಿಳ್ಳೆ ಅಲೆಗಳು ಅಯಾನುಗೋಳ ತೂರಿ ಹೋಗುವುದು 1950ರ ದಶಕದಿಂದ ಗೊತ್ತಿದೆ. ಮತ್ತೊಂದು ಮಿತಿ ನಮ್ಮವರಿಗೆ ಬೇಗ ಹೊಳೆಯುತ್ತದೆ. ಸಿ-ನಾಫ್ಸ್ ಕಕ್ಷೆಯ ಓರೆ 13 ಡಿಗ್ರಿ. ಕಾಸರಗೋಡು, ಮೈಸೂರಿನ ನೆತ್ತಿಯ ಮೇಲೆ ಅದು ಹಾಯುತ್ತಿತ್ತು. 19 ಡಿಗ್ರಿಯ ಮುಂಬಯಿಯ ಮೇಲೆ ಎಂದೂ ಹಾಯಲಿಲ್ಲ.

ಇನ್ನು ಊರು ಬಿಟ್ಟು ದೂರ ಹೋಗುವ ಮಾತು. 2012ರಲ್ಲಿ ಬಿಡುಗಡೆಯಾದ ರಷ್ಯಾದ ಚಿಬಿಸ್-ಎಂ ಎಂಬ ಪುಟಾಣಿ ಉಪಗ್ರಹವೂ ಶೂಮನ್ ಗೆರೆಗಳನ್ನು ಕಂಡಿತು. ಜೊತೆಗೆ ಅದು ಕಂಡದ್ದು ಕೆಳಗಿನ ವಿದ್ಯುತ್ ಜಾಲಗಳ 50-60 ಹರ್ಟ್ಜ್ ಗುಂಯ್‌ಗುಟ್ಟುವಿಕೆ. ಮಿಂಚಿನ ಅಲೆ ಸೋರುವ ದಾರಿಯಲ್ಲೇ ನಮ್ಮ ಕರೆಂಟೂ ಸೋರುತ್ತದೆ. ನಾನಾಭಾಯಿಯವರಿಗೆ ಕೊಲ್ಲಿ ದಾಟಿದರೆ ಸಾಕಾಗಿತ್ತು. ಈಗಿನವರಿಗೆ 500 ಕಿ.ಮೀ. ಮೇಲೇರಿದರೂ ಬಿಡುಗಡೆಯಿಲ್ಲ.

ಇದೇ ಶೂಮನ್ ಅನುರಣನೆಯ ಹೆಸರಿನಲ್ಲಿ, 7.83 ಹರ್ಟ್ಜ್‌ನ ಡಬ್ಬಿ ದಿಂಬಿನ ಪಕ್ಕ ಇಟ್ಟರೆ ನಿದ್ದೆ ಬರುತ್ತದೆ ಎಂದು ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ಈ ಅನುರಣನೆಯ ಕಾಂತಕ್ಷೇತ್ರ ಒಂದು ಪಿಕೋಟೆಸ್ಲಾದಷ್ಟು. ಮುಂಬಯಿಯಲ್ಲಿ ಭೂಮಿಯ ಸಹಜ ಕಾಂತಕ್ಷೇತ್ರ ಅದರ ನಾಲ್ಕು ಕೋಟಿ ಪಟ್ಟು. ಹೆಚ್ಚಿಗೆ ಹೇಳುವುದು ಬೇಡ.

ಸಿಮೋಯಿಶ್ ತಂಡದ ಕಣ್ಣು ನಿಜಕ್ಕೂ ಇದ್ದದ್ದು ಬೇರೆ ಗ್ರಹಗಳ ಮೇಲೆ ಎಂದು ನನ್ನ ಗುಮಾನಿ. ಲೇಖನದ ಕೊನೆಯ ಮಾತು ಅದೇ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಶನಿಯ ಚಂದ್ರ ಟೈಟನ್‌ಗೆ ಇಳಿಯುವಾಗ 36 ಹರ್ಟ್ಜ್‌ನ ಸಂಕೇತವೊಂದು ಸಿಕ್ಕಿತು. ಅದು ಅನುರಣನೆಯೋ, ಪ್ಯಾರಾಶೂಟಿನಲ್ಲಿ ತೂಗಾಡುತ್ತಿದ್ದ ನೌಕೆಯ ಕಡ್ಡಿಗಳ ನಡುಕವೋ ಎಂಬ ತಕರಾರು ಎದ್ದಿತು. ಒಂದೇ ಇಳಿತ, ಎರಡೂವರೆ ಗಂಟೆ. ಮತ್ತೆ ಅಳೆಯಲು ಅವಕಾಶವಿಲ್ಲ. ಗುರು, ಶನಿಗಳಲ್ಲಿ ಇಳಿಯಲು ನೆಲವೇ ಇಲ್ಲ. ಅಲ್ಲಿನ ಅನುರಣನೆಯ ಆವರ್ತ ತಿಳಿದರೆ ಆಳದಲ್ಲಿ ನೀರಿನ ಪಾಲು ಎಷ್ಟೆಂದು ಅಂದಾಜಿಸಬಹುದೆಂದು ಇದೇ ಗುಂಪು ಮರುವರ್ಷ ಬರೆಯಿತು. ಅದನ್ನು ಅಳೆಯುವುದಾದರೆ ಮೇಲೆ ಹಾರುತ್ತಲೇ ಅಳೆಯಬೇಕು, ಮತ್ತು ಹಾಗೆ ಅಳೆಯಬಹುದೆಂಬುದಕ್ಕೆ ಸಿ-ನಾಫ್ಸ್‌ನ ಆ ಮಸುಕು ಗೆರೆಗಳೇ ಮೊದಲ ಪುರಾವೆ.