ಮಹಾಂತ ಜೋಳಿಗೆ

ಜಂಗಮನು ಜೋಳಿಗೆಯೊಡ್ಡಿ ಅಂಗಳದಲ್ಲಿ ನಿಂತಾಗ ಹಿಡಿ ಜೋಳವನ್ನೋ ರೊಟ್ಟಿಯನ್ನೋ ಹಾಕಿ ಕೈಮುಗಿಯುವುದು ಹನುಮಸಾಗರದ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ನೆರೆಯ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಅದೇ ಜೋಳಿಗೆಯನ್ನು ಹಿಡಿದು, ಧಾನ್ಯವನ್ನಾಗಲಿ ಧನವನ್ನಾಗಲಿ ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡತೊಡಗಿದುದು ಕಳೆದ ಶತಮಾನದ ಕನ್ನಡ ನಾಡಿನ ಧಾರ್ಮಿಕ ಜೀವನದಲ್ಲಿ ಮೂಡಿದ ಅತ್ಯಂತ ಸ್ವತಂತ್ರವಾದ ಕಲ್ಪನೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಗುರುವೇ ಕುಡುಕನ ಬಾಗಿಲಿಗೆ ನಡೆದುಬರುತ್ತಾನೆ. ಬೀಡಿಯ ಕಟ್ಟು, ಗುಟ್ಕಾ ಚೀಟಿ, ತಂಬಾಕಿನ ಚಂಚಿ ಒಂದೊಂದಾಗಿ ಜೋಳಿಗೆಗೆ ಬೀಳುತ್ತವೆ. ಇನ್ನು ಮುಟ್ಟೆನೆಂಬ ಪ್ರತಿಜ್ಞೆ ಓಣಿಯ ಜನರೆದುರಿಗೇ ನಡೆಯುತ್ತದೆ. ಅಪರಾಧಿಯಂತೆ ತಲೆತಗ್ಗಿಸಿ ನಿಲ್ಲಬೇಕಾದವನು ಆ ಕ್ಷಣದಲ್ಲಿ ದಾನಿಯಾಗುತ್ತಾನೆ. ಜಂಗಮನಿಗೆ ಕೊಟ್ಟುದನ್ನು ಮರಳಿ ಪಡೆಯುವುದು ನಮ್ಮವರಿಗೆ ಸಲ್ಲದ ನಡತೆಯಾದುದರಿಂದ, ಆ ವ್ರತಕ್ಕೆ ಪರಂಪರೆಯ ಕಾವಲೂ ತಾನಾಗಿಯೇ ಒದಗುತ್ತದೆ. ಶತಮಾನಗಳ ಹಳೆಯ ಸಂಸ್ಕಾರವನ್ನು ಹೊಸ ಹಿತಕ್ಕೆ ಇಷ್ಟು ಸಹಜವಾಗಿ ತಿರುಗಿಸಿದ ಪ್ರತಿಭೆ ಸಾಮಾನ್ಯವಾದುದಲ್ಲ.

ಆದರೆ ಪ್ರತಿಜ್ಞೆಯ ಮರುದಿನವೇ ಇದರ ನಿಜವಾದ ಪರೀಕ್ಷೆ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಪಾದ್ರಿ ಮ್ಯಾಥ್ಯೂ ಆರಂಭಿಸಿದ ಪಾನನಿರೋಧ ಚಳವಳಿಯಲ್ಲಿ ಲಕ್ಷಗಟ್ಟಲೆ ಜನ ಪ್ರತಿಜ್ಞೆ ಮಾಡಿದರೂ, ಅದು ಒಬ್ಬ ವ್ಯಕ್ತಿಯ ಪ್ರಭಾವವನ್ನೇ ನೆಮ್ಮಿದ್ದುದರಿಂದ ಕ್ಷಾಮವೂ ಅವರ ಮರಣವೂ ಬಂದೊಡನೆ ಸೊರಗಿತು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಮಾತ್ರ, ಯಾವ ಮತದ ಹೆಸರನ್ನೂ ಹೇಳದೆ ಪರಮಶಕ್ತಿಯೊಂದಕ್ಕೆ ಶರಣಾಗಿ, ಕುಡಿತ ಬಿಟ್ಟವರು ಬಿಡಬಯಸುವವರೊಡನೆ ಮತ್ತೆ ಮತ್ತೆ ಕೂಡಿ ಕುಳಿತು ಮಾತನಾಡುವ ಕ್ರಮದಿಂದಲೇ ಲೋಕವ್ಯಾಪಿಯಾಗಿ ಬಾಳಿತು. ಜೋಳಿಗೆಗೆ ಆರಂಭದ ಶಕ್ತಿ ಅಪಾರವಾಗಿದೆ. ಕೂಲಿ ಕೈಗೆ ಬಂದ ಸಂಜೆ ಮದ್ಯದಂಗಡಿಯ ಮುಂದೆ ಹಾಯ್ದುಹೋಗುವವನ ಹೆಗಲ ಮೇಲೆ ಕೈಯಿಡುವ ಸಂಗಾತಿಯನ್ನು ಅದು ಇನ್ನೂ ಒದಗಿಸಬೇಕಾಗಿದೆ.

ಸರಕಾರವು ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಸಾರಿದುದು ಉಚಿತವೇ. ಆದರೆ ಅಬಕಾರಿಯ ಆದಾಯವನ್ನೇ ಬೊಕ್ಕಸದ ಆಧಾರಗಳಲ್ಲೊಂದಾಗಿ ಇರಿಸಿಕೊಂಡ ಸರಕಾರದ ಆಚರಣೆಗೆ ಎಷ್ಟು ಬೆಲೆಯಿದ್ದೀತೆಂಬುದನ್ನು, 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದ ಹಳ್ಳಿಯ ಹೆಣ್ಣುಮಕ್ಕಳು ಬಲ್ಲರು.

2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಇನ್ನು ಈ ವ್ರತವನ್ನು ಊರೇ ಹೊರಬೇಕು. ನಮ್ಮ ಮಠಗಳಲ್ಲಿ ಶಿವಾನುಭವಗೋಷ್ಠಿಯ ಪದ್ಧತಿ ಹೇಗೂ ಉಂಟು. ಅಲ್ಲಿ ವಿದ್ವಾಂಸರ ಉಪನ್ಯಾಸಕ್ಕೆ ಸಲ್ಲುವ ಸಮಯದಲ್ಲಿ ಅರ್ಧವನ್ನು, ಜೋಳಿಗೆಗೆ ಚಂಚಿ ಹಾಕಿ ಬಂದವರ ಮಾತಿಗೂ ಅವರ ಮನೆಯ ಹೆಂಗಸರ ಮಾತಿಗೂ ಮೀಸಲಿಡಲಿ.