‘ಸಮಾನತೆಯೆಡೆಗೆ’: ಒಂದು ವರದಿಯ ಪುನರ್ವಿಮರ್ಶೆ

ಭಾರತದಲ್ಲಿ ಸ್ತ್ರೀಯರ ಸ್ಥಾನಮಾನವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 1971ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷೆ ಫುಲ್‌ರೇಣು ಗುಹಾ. ಸದಸ್ಯ-ಕಾರ್ಯದರ್ಶಿ ವೀಣಾ ಮಜುಂದಾರ್. 1974ರ ಅಂತ್ಯಕ್ಕೆ ಸಿದ್ಧವಾದ ‘ಸಮಾನತೆಯೆಡೆಗೆ’ ಎಂಬ ಅದರ ವರದಿಯನ್ನು ಅಂಕಿ-ಅಂಶಗಳ ಭಂಡಾರವೆಂದು ಉದಾಹರಿಸುವುದೇ ರೂಢಿ. ಅದು ಆಡಳಿತ ವ್ಯವಸ್ಥೆಯ ವಿಮರ್ಶೆಯೂ ಹೌದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವರದಿಯ ಮುಖ್ಯ ಗುಣವು ಅದರ ನಿರ್ದಾಕ್ಷಿಣ್ಯ. ಸಂವಿಧಾನವು 1950ರಲ್ಲಿಯೇ ಸಮಾನತೆಯನ್ನು ಸಾರಿತ್ತು. 1955ರ ವಿವಾಹ ಕಾಯಿದೆಯೂ 1956ರ ಉತ್ತರಾಧಿಕಾರ ಕಾಯಿದೆಯೂ ಹಿಂದೂ ಸ್ತ್ರೀಯರಿಗೆ ಹೊಸ ಹಕ್ಕುಗಳನ್ನು ನೀಡಿದ್ದುವು. ಹೀಗಿದ್ದೂ, 1901ರಲ್ಲಿ ಸಾವಿರ ಪುರುಷರಿಗೆ 972 ಇದ್ದ ಸ್ತ್ರೀಯರ ಸಂಖ್ಯೆ 1971ರಲ್ಲಿ 930ಕ್ಕೆ ಇಳಿದಿತ್ತು. ಕಾಯಿದೆಯ ಪುಸ್ತಕಕ್ಕೂ ಬಾಳಿಗೂ ನಡುವಣ ಅಂತರವನ್ನು ಸಮಿತಿಯು ಮುಚ್ಚಿಡಲಿಲ್ಲ.

ಈ ಅಂತರಕ್ಕೆ ಆಡಳಿತದ ಕಾರಣವೂ ಉಂಟು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ ಆರಂಭವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನವಿತ್ತು ಉಪಯುಕ್ತ ಕಾರ್ಯ ಮಾಡಿತು. ಆದರೆ ಕಲ್ಯಾಣವು ಬೇರೆ, ಹಕ್ಕು ಬೇರೆ. ಸ್ತ್ರೀಯ ಕೂಲಿ ಕಾರ್ಮಿಕ ಇಲಾಖೆಗೆ, ಓದು ಶಿಕ್ಷಣ ಇಲಾಖೆಗೆ, ಹೆರಿಗೆ ಆರೋಗ್ಯ ಇಲಾಖೆಗೆ ಸೇರಿರಲು, ಒಟ್ಟು ಬಾಳಿಗೆ ಉತ್ತರವಾದಿ ಯಾರು? ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ಶಾಸನಬದ್ಧ ಆಯೋಗಗಳು ಬೇಕೆಂಬ ಸಮಿತಿಯ ಸಲಹೆಯನ್ನು ಈ ಪ್ರಶ್ನೆಗೆ ಉತ್ತರವೆಂದು ನಾವು ತಿಳಿಯುತ್ತೇವೆ.

ವರದಿಯಲ್ಲಿ ದೋಷವಿಲ್ಲವೆಂದಲ್ಲ. ಶಾಸನಸಭೆಗಳಲ್ಲಿ ಸ್ತ್ರೀಯರಿಗೆ ಸ್ಥಾನಗಳನ್ನು ಮೀಸಲಿಡುವುದನ್ನು ಬಹುಮತವು ಒಪ್ಪಲಿಲ್ಲ. ವೀಣಾ ಮಜುಂದಾರ್ ಮತ್ತು ಲತಿಕಾ ಸರ್ಕಾರ್ ಭಿನ್ನಾಭಿಪ್ರಾಯವನ್ನು ದಾಖಲಿಸಿದರು. ಇತಿಹಾಸವು ಅಲ್ಪಮತದ ಕಡೆಗೇ ವಾಲಿತು: ಕರ್ನಾಟಕವು 1983ರ ಕಾಯಿದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಶೇಕಡಾ 25 ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು; 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಪಂಚಾಯತಿಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ವಿಧಿಸಿತು.

ಆಯೋಗದ ಸಲಹೆಯಾದರೋ 1990ರ ಕಾಯಿದೆಯವರೆಗೆ ಕಾಯಬೇಕಾಯಿತು. ರಾಷ್ಟ್ರೀಯ ಮಹಿಳಾ ಆಯೋಗವು ರಚಿತವಾದುದು 1992ರಲ್ಲಿ. ವಿಚಾರಣೆಯ ವೇಳೆ ಸಾಕ್ಷಿಗಳನ್ನು ಕರೆಸಲು, ದಾಖಲೆಗಳನ್ನು ತರಿಸಲು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವುಂಟು. ಆದರೆ ಸದಸ್ಯರನ್ನು ನಾಮಕರಣ ಮಾಡುವುದು ಸರ್ಕಾರವೇ. ಶಿಫಾರಸುಗಳಿಗೆ ಸರ್ಕಾರವನ್ನು ಕಟ್ಟಿಹಾಕುವ ಬಲವಿಲ್ಲ. ಪರೀಕ್ಷೆಗೆ ಒಳಗಾಗಬೇಕಾದವನೇ ಪರೀಕ್ಷಕರನ್ನು ಆರಿಸುವಂತಾಯಿತು.

ಆದರೂ ಕಾಯಿದೆಯ ಒಂದು ವಿಧಿ ಬೆಲೆಯುಳ್ಳದ್ದು: ಶಿಫಾರಸನ್ನು ಒಪ್ಪದಿದ್ದರೆ ಸರ್ಕಾರವು ಅದರ ಕಾರಣಗಳನ್ನು ವರದಿಯೊಡನೆ ಸಂಸತ್ತಿನ ಮುಂದಿಡಬೇಕು. ಸ್ತ್ರೀಯರ ಹಕ್ಕಿನ ಚರಿತ್ರೆಯನ್ನು ಬರೆಯುವ ನಮ್ಮ ವಿದ್ಯಾರ್ಥಿಗಳು ಆಯೋಗದ ವರದಿಗಳನ್ನಷ್ಟೇ ಓದಿ ತೃಪ್ತರಾಗಬಾರದು. ಆ ಕಾರಣಗಳನ್ನೂ ಹುಡುಕಿ ಓದಬೇಕು. ಸರ್ಕಾರವು ಏನನ್ನು ಒಪ್ಪಿತೆಂಬುದರಷ್ಟೇ, ಏನನ್ನು ಏಕೆ ಒಪ್ಪಲಿಲ್ಲವೆಂಬುದೂ ಚರಿತ್ರೆಯೇ ಆಗಿದೆ.