ಕಾವೇರಿಗೆ ಯಾರೂ ಕೆಲಸ ಕೊಡಲಿಲ್ಲ

‘ಶರಪಂಜರ’ ಅಂದ ಕೂಡಲೇ ನಮ್ಮ ಅಮ್ಮಂದಿರ ತಲೆಮಾರಿಗೆ ನೆನಪಾಗೋದು ಕಲ್ಪನಾ ಅವರ ಅಬ್ಬರದ ಅಭಿನಯ. ಆ ಕಣ್ಣು, ಆ ನಗು, ಆ ಕಿರುಚಾಟ. ಮಿಮಿಕ್ರಿ ಮಾಡೋರೂ ಅದನ್ನೇ ಹಿಡಿದುಕೊಂಡರು. ಪುಟ್ಟಣ್ಣ ಕಣಗಾಲರ ಈ ಸಿನಿಮಾವನ್ನು ಇತ್ತೀಚೆಗೆ ಮತ್ತೆ ನೋಡಿದಾಗ ನನಗೆ ದಿಗಿಲು ಹುಟ್ಟಿಸಿದ್ದು ಅದಕ್ಕೂ ಮುಂಚೆ ಬರುವ, ಸದ್ದಿಲ್ಲದ ಒಂದು ಭಾಗ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಮೇಲಿನ ದಿನಗಳು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಸತೀಶನ ಜೊತೆ ಸುಖವಾಗಿಯೇ ಸಂಸಾರ ಮಾಡಿಕೊಂಡಿದ್ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಮದುವೆಗೆ ಮುಂಚಿನ ಒಂದು ಘಟನೆ ಅವಳನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಚಿಕಿತ್ಸೆ ಮುಗಿಸಿ ಬಂದರೆ ಗಂಡ ದೂರವಾಗಿದ್ದಾನೆ, ಅವನಿಗೆ ಇನ್ನೊಂದು ಸಂಬಂಧವಿದೆ. ಅವಳ ಹಳೆಯದು ರೋಗ, ಅವನ ಹೊಸದು ಬರೀ ಗುಟ್ಟು. ಈ ಅನ್ಯಾಯದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅಲ್ಲಿ ನಿಲ್ಲೋದಿಲ್ಲ.

ಮನೆಗೆ ಬಂದ ಕಾವೇರಿಗೆ ಬೇಕಾಗಿದ್ದೇನು? ಮೊದಲಿನ ಹಾಗೆ ಮನೆ ನಡೆಸೋದು, ಅಷ್ಟೇ. ಆ ಕಾಲದ ಲೆಕ್ಕದಲ್ಲಿ ಹೆಣ್ತನ ಅಂದರೆ ಅದೇ ತಾನೇ: ಒಲೆ, ಮಗು, ಗಂಡ. ಆ ಲೆಕ್ಕವನ್ನು ಅವಳು ಪ್ರಶ್ನಿಸೋದೇ ಇಲ್ಲ, ನನ್ನನ್ನು ಮತ್ತೆ ಸೇರಿಸಿಕೊಳ್ಳಿ ಅಂತ ಕೇಳ್ತಾಳೆ. ಆದರೆ ಎಲ್ಲರ ಕಣ್ಣೂ ಅವಳ ಮೇಲೆ. ನಕ್ಕರೆ ಸಂಶಯ, ಸಿಟ್ಟು ಬಂದರೆ ಸಂಶಯ, ಸುಮ್ಮನಿದ್ದರೂ ಸಂಶಯ. ಮೊದಲು ಅವಳಿಂದ ಕೆಲಸ ನಿರೀಕ್ಷಿಸುತ್ತಿದ್ದವರೇ ಈಗ ಕೆಲಸ ಕೊಡಲು ಹೆದರುತ್ತಾರೆ. ಹುಷಾರಾಗಿದ್ದೀನಿ ಅಂತ ತೋರಿಸಲು ಅವಳಿಗೆ ಇದ್ದಿದ್ದೇ ಆ ಒಂದು ದಾರಿ.

ಇದನ್ನು ಹೀಗೆ ಕಾಣೋಕೆ ತ್ರಿವೇಣಿಯವರೇ ಬೇಕಿತ್ತು. ಮನಃಶಾಸ್ತ್ರ ಓದಿದವರು. ಬಾಣಂತಿಯ ಮನಸ್ಸು ಕೆಡೋದನ್ನು ದೆವ್ವ, ದೃಷ್ಟಿ ಅನ್ನುತ್ತಿದ್ದ ಕಾಲದಲ್ಲಿ ಅದನ್ನು ಕಾಯಿಲೆ ಅಂತ ಕಾದಂಬರಿಯಾಗಿ ಬರೆದರು. 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಅನ್ನೋದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಹಳೇ ಕತೆ ಬಿಡಿ, ನಾವೀಗ ಸಂಬಳ ತರ್ತೀವಿ ಅನ್ನಬಹುದು. ತರ್ತೀವಿ, ನಿಜ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆದರೆ ರಜೆ ಮುಗಿಸಿ ಬಂದವಳನ್ನು ಗಮನಿಸಿದ್ದೀರಾ? ನಾನು ಕಂಡ ಟೀಮುಗಳಲ್ಲಿ ಅವಳಿಗೆ ಕ್ಲೈಂಟ್ ಕಾಲ್ ಇಲ್ಲ, ರಿಲೀಸ್ ಜವಾಬ್ದಾರಿ ಇಲ್ಲ. “ಪಾಪ, ಚಿಕ್ಕ ಮಗು ಇದೆ, ಅವರಿಗ್ಯಾಕೆ ತೊಂದರೆ” ಅಂತ ಮ್ಯಾನೇಜರ್ ಪ್ರೀತಿಯಿಂದಲೇ ಹೇಳ್ತಾರೆ. ಮೀಟಿಂಗಲ್ಲಿ ಧ್ವನಿ ಸ್ವಲ್ಪ ಏರಿದರೆ, “ನಿದ್ದೆಗೆಟ್ಟಿರಬೇಕು.” ಅಪ್ಪನಾದ ಹುಡುಗನಿಗೆ ಮಾತ್ರ ಅದೇ ವಾರ ಕಂಗ್ರಾಟ್ಸ್ ಜೊತೆ ದೊಡ್ಡ ಮಾಡ್ಯೂಲೂ ಸಿಗುತ್ತೆ. ಒಲೆಯ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ. (ಜಾಗಕ್ಕೆ ಅಂದೆನಾ? ಒಲೆ ಎಲ್ಲೂ ಹೋಗಿಲ್ಲ, ಪಕ್ಕದಲ್ಲೇ ಇದೆ.) ತಾನು ಸರಿಯಿದ್ದೀನಿ ಅಂತ ಸಾಬೀತು ಮಾಡಬೇಕಾದವಳು ಈಗಲೂ ಅವಳೇ.

ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. ಮಂಸೋರೆ ನಿರ್ದೇಶನದ ‘ನಾತಿಚರಾಮಿ’ (2018) ನೋಡಿ. ಶ್ರುತಿ ಹರಿಹರನ್ ಮಾಡಿದ ಗೌರಿ ಗಂಡನನ್ನು ಕಳೆದುಕೊಂಡವಳು, ತನ್ನ ದುಡಿಮೆಯಲ್ಲಿ ಬದುಕುವವಳು. ಗಂಡನ ಮೇಲಿನ ಪ್ರೀತಿಯೂ ಇದೆ, ಮೈಯ ಬಯಕೆಯೂ ಇದೆ. ಅದನ್ನು ಹುಚ್ಚು ಅಂತ ಸಿನಿಮಾ ಕರೆಯೋದಿಲ್ಲ. ಕಾವೇರಿಯ ಕಾಲದಲ್ಲಿ ಇದನ್ನು ಹೇಳಿಕೊಳ್ಳೋಕೆ ಪದವೂ ಇರಲಿಲ್ಲ.

ಹೆಸರಲ್ಲೇ ಒಂದು ಕುಹಕ ಇದೆ. ‘ನಾತಿಚರಾಮಿ’, ಮೀರಿ ನಡೆಯೋದಿಲ್ಲ ಅನ್ನೋದು ಮದುವೆ ಮಂಟಪದಲ್ಲಿ ಗಂಡು ಕೊಡುವ ಮಾತು. ಸತ್ತ ಮೇಲೂ ಆ ಮಾತಿಗೆ ಕಟ್ಟುಬಿದ್ದು ಒದ್ದಾಡುತ್ತಿರೋಳು ಹೆಂಡತಿ. ಬೇರೆ ಯಾರೂ ಕಾವಲಿಗೆ ನಿಲ್ಲಬೇಕಾಗಿಲ್ಲ, ಆ ಕಾವಲು ಅವಳ ತಲೆಯೊಳಗೇ ಇದೆ.

ನನಗೊಂದು ತಕರಾರಿದೆ. ಗೌರಿ ಪರಿಚಯವಾಗುವ ಸುರೇಶನಿಗೆ ಸುಮಾ ಅಂತ ಹೆಂಡತಿ ಇದ್ದಾಳೆ, ಮನೆಯಲ್ಲೇ ಇರೋಳು, ಗಂಡನ ಒಂದು ಒಳ್ಳೆ ಮಾತಿಗೆ ಕಾಯೋಳು. ಕಾವೇರಿಯ ನೇರ ಸಂಬಂಧಿ ಗೌರಿಯಲ್ಲ, ಇವಳು. ಶರಣ್ಯ ಈ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಸಿನಿಮಾ ಗೌರಿಯ ಕಡೆಗೆ ತಿರುಗಿದಾಗಲೆಲ್ಲ ನನಗೆ ಅಡುಗೆಮನೆಯಲ್ಲಿ ಸುಮಾ ಏನು ಮಾಡ್ತಿರಬಹುದು ಅನ್ನೋದೇ ಯೋಚನೆ. ಅವಳಿಗೆ ಇನ್ನೊಂದು ಅರ್ಧ ಗಂಟೆಯಾದರೂ ಕೊಡಬೇಕಿತ್ತು.